‘ಅವನ್ನ’ ಅಂದರೆ

“ಇದನ್ನ ಬರದವರು ನೀವ ಏನ್ರೀ?” ಸರ್ಕಾರಿ ವಕೀಲರು ಕಾಗದವನ್ನು ಮುಂದೆ ಹಿಡಿದರು.

ಬೆಳಗಾವಿಯ ಕೋರ್ಟಿನ ಕಟಕಟೆಯಲ್ಲಿ ನಿಂತಿದ್ದ ಮಾರ್ತಾಂಡರಾಯರು ಅದನ್ನು ಕೈಗೆ ತೆಗೆದುಕೊಂಡರು. ಅಕ್ಷರ ಅವರದೇ. ಮುಂಬಯಿ ಸರ್ಕಾರದ ಖಾನಾಪುರ ಕಚೇರಿಯಲ್ಲಿ ಇಪ್ಪತ್ತೆರಡು ವರ್ಷ ಜನರ ಕನ್ನಡದ ಹೇಳಿಕೆಯನ್ನು ಮರಾಠಿಗೆ ಇಳಿಸಿದ ಕಾರಕೂನರು ಅವರು. ಊಟದ ಹೊತ್ತಿನೊಳಗೆ ಹತ್ತು ಕಾಗದ ಮುಗಿಸುತ್ತೇನೆಂಬ ಜಂಬ ಬೇರೆ.

ಈ ಕಾಗದ ಬರೆದ ದಿನದ ತಕರಾರು ಬೀಡಿ ಎಂಬ ಊರಿನ ಸಾತಪ್ಪನ ಹೊಲಕ್ಕೆ ಸಿದರಾಯನ ಕುರಿ ನುಗ್ಗಿದ್ದು. “ಕುರಿ ಹೊಲಾ ಹೊಕ್ಕಾಗ ಏನ ಮಾಡ್ದಿಯೋ?” ಎಂದು ರಾಯರು ಕೇಳಿದ್ದರು.

“ಅವನ್ನ ಹೊಡದ್ನಿರೀ,” ಎಂದಿದ್ದ ಸಿದರಾಯ.

ಆ ಕಡೆಯ ಮಾತಿನಲ್ಲಿ ‘ಅವನ್ನ’ ಎಂದರೆ ಮನುಷ್ಯನೂ ಆದಾನು, ಕುರಿಗಳೂ ಆದಾವು. ಸಿದರಾಯ ಹೊಡೆದು ಹೊರಗಟ್ಟಿದ್ದು ಕುರಿಗಳನ್ನು. ಹೊಟ್ಟೆ ಚುರುಗುಟ್ಟುತ್ತಿದ್ದ ರಾಯರು ತಮ್ಮ ಪ್ರಶ್ನೆಯನ್ನು ಬರೆಯಲೇ ಇಲ್ಲ. ಮರಾಠಿಯಲ್ಲಿ ‘ಸಾತಪ್ಪನನ್ನು ಹೊಡೆದೆ’ ಎಂದು ಗೀಚಿ ಹೆಬ್ಬೆಟ್ಟು ಒತ್ತಿಸಿಕೊಂಡರು. ಸಣ್ಣ ದಂಡದ ಮಾತು, ಯಾರು ತಲೆ ಕೆಡಿಸಿಕೊಳ್ಳುತ್ತಾರೆ!

ಎಂಟು ದಿನಕ್ಕೆ ಸಾತಪ್ಪ ಹೊಲದ ಬದುವಿನಲ್ಲಿ ತಲೆಯೊಡೆದು ಸತ್ತು ಬಿದ್ದಿದ್ದ. ಸಿದರಾಯನನ್ನು ಗಲ್ಲಿಗೇರಿಸಲು ಸರ್ಕಾರದ ಬಳಿ ಇದ್ದದ್ದು ಈ ಕಾಗದವೊಂದೇ.

ರಾಯರು ಈಗ ಒಂದೊಂದೇ ಅಕ್ಷರ ಓದಿದರು. ಈ ನಿಧಾನ ಆವತ್ತು ಎಲ್ಲಿ ಹೋಗಿತ್ತೋ! ತಮ್ಮ ಮೇಲೆ ತಮಗೇ ಹೇಸಿಗೆಯಾಯಿತು.

“ತಪ್ಪು ನಂದು ಸಾಹೇಬ್ರ. ಅಂವಾ ಅಂದದ್ದು ಕುರಿಗೋಳಿಗೆ, ಸಾತಪ್ಪಗ ಅಲ್ಲ.”

“ಹಿಂಗ ಒಪ್ಪಿದ್ರ ನಿಮ್ಮ ನೌಕರಿ ಹೋಗತೈತಿ. ವಿಚಾರ ಮಾಡಿ ಹೇಳ್ರಿ,” ಎಂದರು ವಕೀಲರು.

“ಮಾಡೇನ್ರೀ. ಈ ಸಲ ಮಾಡೇನಿ.”

ಸಿದರಾಯ ಬಿಡುಗಡೆಯಾದ. ಹೊರಗೆ ರಾಯರನ್ನು ಕಂಡು ಕೈಮುಗಿದ. “ಜೇಲಿಗಿ ಹೋಗಿ ಆರು ತಿಂಗಳಾತ್ರಿ. ಕುರಿ ಯಾರ ಪಾಲಾದುವೋ ಏನೋ,” ಎಂದ. ಬೈದಿದ್ದರೆ ರಾಯರಿಗೆ ಎಷ್ಟೋ ಹಗುರಾಗುತ್ತಿತ್ತು.

ಕೆಲಸದಿಂದ ತೆಗೆದ ಹುಕುಂ ಇನ್ನೂ ಬಂದಿರಲಿಲ್ಲ. ಸೋಮವಾರ ಖಾನಾಪುರದ ಕಚೇರಿಗೆ ಮಾಯವ್ವನೆಂಬ ಮುದುಕಿ ಬಂದಳು. ಅವಳ ಎರಡು ಕೋಳಿ ಕಳುವಾಗಿದ್ದವು.

“ಹೆಂಗರ ಮಾಡಿ ಅವನ್ನ ಹುಡಿಕಿ ಕೊಡ್ರಿ ಯಪ್ಪಾ.”

ರಾಯರ ಲೇಖಣಿ ನಿಂತಿತು. “ಅವನ್ನ ಅಂದ್ರ? ಕಳ್ಳನ್ನೋ, ಕೋಳಿಗೋಳನ್ನೋ?”

“ಕೋಳಿಗೋಳನ್ನರೀ! ಎರಡ ಕೋಳಿ ಸಲುವಾಗಿ ಇಷ್ಟ ಯಾಕ ಕೇಳ್ತೀರಿ?”

ಊಟದ ಗಂಟೆ ಹೊಡೆಯಿತು. ರಾಯರು ಏಳಲಿಲ್ಲ. ಬರೆದದ್ದನ್ನು ಅವಳಿಗೆ ಓದಿ ಹೇಳಿದರು. ಆಮೇಲೆ, ಹೆಬ್ಬೆಟ್ಟಿಗೆ ಮಸಿ ಹಚ್ಚುವ ಮೊದಲು, ಇನ್ನೊಂದು ಸಲ ಓದಿದರು.