ಎರಡು ರೊಟ್ಟಿ

ಕಲಿಸಿದ್ದರಲ್ಲೇ ತಪ್ಪಾಯಿತೇ, ಇಲ್ಲ ಹುಡುಗಿಗೇ ತಿಳಿಯಲಿಲ್ಲವೇ? ಗೋವಿಂದನಿಗೆ ಹೊಳೆಯಲಿಲ್ಲ. ತಾಳಿಕೋಟೆಯಿಂದ ಮೊದಲ ಬಸ್ಸು ಹಿಡಿದು ಬಂದ ಗುಂಡವ್ವ ಶಾಲೆಯ ಅಡುಗೆಕೋಣೆಯಲ್ಲಿ ಎದುರಿಗೆ ಕೂತು ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು. ಪಕ್ಕದಲ್ಲಿ ಅವಳ ಮಗಳು, ಹತ್ತೊಂಬತ್ತರ ಸುನಂದಾ, ತನ್ನ ಬಳೆಗಳನ್ನು ಮೇಲೆ ಕೆಳಗೆ ಸರಿಸುತ್ತಿದ್ದಳು.

ಮುದ್ದೇಬಿಹಾಳದ ಆ ಬುದ್ಧಿಮಾಂದ್ಯ ಮಕ್ಕಳ ಶಾಲೆಯಲ್ಲಿ ಗೋವಿಂದ ಅವಳಿಗೆ ಎರಡು ವರ್ಷ ಅಡುಗೆ ಕಲಿಸಿದ್ದ. ಸ್ಟೋವ್ ಹಚ್ಚುವುದು, ಜೋಳದ ಹಿಟ್ಟಿಗೆ ಕುದಿನೀರು ಹಾಕಿ ನಾದುವುದು, ಹರಿಯದಂತೆ ರೊಟ್ಟಿ ಬಡಿಯುವುದು. ಗುಂಡವ್ವನಿಗೆ ಎದೆನೋವು ಶುರುವಾಗಿತ್ತು. ತನ್ನ ನಂತರ ಮಗಳು ಅಣ್ಣನ ಮನೆ ಸೇರಬೇಕು. ಕೈಗೆ ನೆರವಾದರೆ ಇಟ್ಟುಕೊಳ್ಳುತ್ತೇನೆ ಎಂದು ಸೊಸೆ ಹೇಳಿದ್ದಳು. ರವಿವಾರ ಅದರ ಪರೀಕ್ಷೆಯಾಗಿತ್ತು.

"ರೊಟ್ಟಿ ಹಾಳಿಹಂಗ ತೆಳ್ಳಗ ಬಂದಿದ್ವುರಿ ಸರ್ರ. ಆದ್ರ ಮನ್ಯಾಗ ಆರು ಮಂದಿ. ಇಕಿ ಎರಡ ಬಡದ್ಲು, ತಾನ ತಿಂದ್ಲು, ಹಂಚು ತೊಳದು ಡಬ್ಬ ಹಾಕಿದ್ಲು. ಸೊಸಿ ನಕ್ಕೋತ ಅಂದ್ಲು, ಅತ್ತಿ, ಬಾಡಿಗಿ ಖೋಲ್ಯಾಗಿನ ಒಂಟಿ ಮಾಸ್ತರ್ ಮಾಡ್ಕೊಂಡ್ಹಂಗ ಮಾಡ್ತಾಳಲ್ಲ, ಇಕಿಗೆ ಮನಿ ಯಾಕ ಬೇಕು ಅಂತ."

ಗೋವಿಂದನ ಕಣ್ಣು ಗೂಡಿನಲ್ಲಿದ್ದ ಹಿಟ್ಟಿನ ಅಳತೆಯ ಲೋಟದ ಮೇಲೆ ಹೋಯಿತು. ಸ್ಟೀಲಿನದು, ಅಂಚಿನಲ್ಲಿ ತಗ್ಗು ಬಿದ್ದದ್ದು. ತಾನೊಬ್ಬನೇ ಇರುವ ಬಾಡಿಗೆ ಕೋಣೆಯಿಂದಲೇ ತಂದಿದ್ದ. ಒಂದು ಲೋಟ ಹಿಟ್ಟು, ಎರಡು ರೊಟ್ಟಿ, ಒಂದು ತಾಟು. ತಿಂದು, ತೊಳೆದು, ಬೋರಲು ಹಾಕುವುದು. ಹನ್ನೊಂದು ವರ್ಷದಿಂದ ಪ್ರತಿ ಸಂಜೆ ಅವನ ಕೈ ಮಾಡುತ್ತಿದ್ದುದು ಅದನ್ನೇ. ಮಕ್ಕಳು ಯಾರ ಹಂಗಿಗೂ ಬೀಳಬಾರದೆಂದು ಕಲಿಸುವಾಗ ಅವನಿಗೆ ಹೆಮ್ಮೆಯೂ ಇತ್ತು.

"ಒಂದ್ ತಿಂಗಳ ಬಿಡ್ರಿ ಅಕಿನ್ನ," ಎಂದ.

"ಇನ್ನೇನ್ ಕಲಸ್ತೀರಿ?"

"ನೀಡೂದು."

ಅವತ್ತೇ ಮೂರು ತಾಟು ಹಾಕಿದ. ಶಾಲೆಯಲ್ಲಿ ಎಂದೂ ಉಣ್ಣದವನು ಒಂದರ ಮುಂದೆ ತಾನೇ ಕೂತ, ಇನ್ನೊಂದಕ್ಕೆ ಗುಂಡವ್ವನನ್ನು ಕೂರಿಸಿದ. ಸುನಂದಾ ಎರಡು ರೊಟ್ಟಿ ಬೇಯಿಸಿ ತನ್ನ ತಾಟಿಗೆ ಹಾಕಿಕೊಂಡು ಸ್ಟೋವ್ ಆರಿಸಲು ಕೈಚಾಚಿದಳು. ಅವನು ತಲೆಯಾಡಿಸಿ ಹಿಟ್ಟಿನ ಡಬ್ಬಿ ಅವಳ ಕಡೆ ಸರಿಸಿದ. ಅವಳು ಬಹಳ ಹೊತ್ತು ಲೋಟವನ್ನೇ ನೋಡಿದಳು. ಆಮೇಲೆ ಇನ್ನೊಮ್ಮೆ ತುಂಬಿದಳು.

ಮೂರನೆಯ ರೊಟ್ಟಿ ಕೈಯಲ್ಲಿ ಹಿಡಿದು, ಎಲ್ಲಿಡಬೇಕೆಂದು ತಿಳಿಯದೆ ನಿಂತಳು. ಬೆರಳು ಸುಡುತ್ತಿರಬೇಕು. ಅವ್ವನನ್ನು ನೋಡಿದಳು, ಅವನನ್ನು ನೋಡಿದಳು. ಕೊನೆಗೆ ಬಗ್ಗಿ ಅವನ ತಾಟಿಗೆ ಹಾಕಿ, ತಿನ್ನುತ್ತಾನೋ ಇಲ್ಲವೋ ಎಂದು ಅಲ್ಲೇ ಕುಕ್ಕರಗಾಲಲ್ಲಿ ಕೂತಳು.

ಗೋವಿಂದ ತಲೆ ತಗ್ಗಿಸಿ ರೊಟ್ಟಿ ಮುರಿದು, ಗುಂಡವ್ವ ತಂದಿದ್ದ ಶೇಂಗಾ ಚಟ್ನಿಪುಡಿ ಹಚ್ಚಿಕೊಂಡ. ತುತ್ತು ಬಾಯಲ್ಲೇ ಉಳಿಯಿತು.

"ಯಾಕ್ರಿ ಸರ್ರ, ಶೇಂಗಾ ಹಿಂಡಿ ಖಾರ ಆತೇನ್ರಿ?" ಎಂದಳು ಗುಂಡವ್ವ.

"ಹೌದ್ರಿ," ಎಂದ.

ಆ ಎರಡು ರೊಟ್ಟಿಯ ಅಳತೆ ತನ್ನದೆಂದು ಅವನು ಗುಂಡವ್ವನಿಗೆ ಆಗ ಹೇಳಲಿಲ್ಲ, ಮುಂದೆಯೂ ಹೇಳಲಿಲ್ಲ.