ಹಸಿ ವಾರ್ನಿಷ್

ಭಾನುವಾರ ನಾಲ್ಕು ಗಂಟೆಗೆ ಬರುತ್ತೇನೆ ಎಂದು ಹೆಂಡತಿ ಫೋನ್ ಮಾಡಿದ್ದು ಸೋಮವಾರ. "ಕೂತು ಮಾತಾಡೋಣ" ಎಂದಳು, ಅಷ್ಟೇ. ತನ್ನ ಅಕ್ಕನ ಮನೆ ಸೇರಿ ಅವಳಿಗೆ ಏಳು ತಿಂಗಳಾಗಿತ್ತು. ಬಂದವಳು ಉಳಿಯುತ್ತಾಳೋ ಹೊರಟುಬಿಡುತ್ತಾಳೋ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಫೋನಿಟ್ಟವನೇ ಅವಳು ಬಟ್ಟೆ ಕತ್ತರಿಸುವ ಮೇಜನ್ನು ಎಳೆದು ತಂದು ನಾನು ಕೆಲಸ ಮಾಡುವ ಮುಂದಿನ ಕೋಣೆಯ ನಡುವೆ ನಿಲ್ಲಿಸಿದೆ.

ನಾನು ಮರಕ್ಕೆ ಪಾಲಿಶ್ ಹಾಕುವವನು. ಮೂವತ್ತೆರಡು ವರ್ಷದಿಂದ ಅದೇ ಕೆಲಸ. ನಾನು ಮುಗಿಸಿದ ಮೇಜಿನಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದು ಎನ್ನುತ್ತಾರೆ, ಸುಳ್ಳಲ್ಲ. ಆದರೆ ದೀಪದ ಬುಡದಲ್ಲೇ ಕತ್ತಲೆ. ಹೆಂಡತಿಯ ಮೇಜಿಗೆ ಒಂದು ಕೈ ವಾರ್ನಿಷ್ ಕೂಡ ಬಿದ್ದಿರಲಿಲ್ಲ. "ಊರವರ ಮೇಜೆಲ್ಲ ಫಳಫಳ. ನನ್ನ ಮೇಜಿನ ಮೇಲೆ ರೇಷ್ಮೆ ಹರಡಿದ್ರೆ ಎಳೆ ಸಿಕ್ಕಾಕೊಳ್ಳುತ್ತೆ" ಎಂದು ಮದುವೆಯಾದ ಹೊಸತರಲ್ಲಿ ಜಗಳವಾಡುತ್ತಿದ್ದಳು. ಆಮೇಲೆ ಅದರ ಮೇಲೊಂದು ಹಳೇ ಬೆಡ್‌ಶೀಟು ಹಾಸಿಕೊಂಡು ಸುಮ್ಮನಾದಳು. ಸದ್ಯ, ತಲೆನೋವು ತಪ್ಪಿತು ಅಂದುಕೊಂಡೆ ನಾನು.

ನಮ್ಮ ಕಸುಬಿಗೆ ಧೂಳೇ ವೈರಿ. ವಾರ್ನಿಷ್‌ನ ಕೊನೆಯ ಕೋಟು ಎಳೆಯುವಾಗ ಕಿಟಕಿ ಮುಚ್ಚಬೇಕು, ಫ್ಯಾನ್ ನಿಲ್ಲಿಸಬೇಕು, ಬಾಗಿಲನ್ನಂತೂ ಯಾರೂ ತೆಗೆಯಕೂಡದು. ಶುರು ಮಾಡಿದ ಹಲಗೆಯನ್ನು ಅರ್ಧಕ್ಕೆ ಬಿಡುವ ಹಾಗೂ ಇಲ್ಲ. ಬಿಟ್ಟರೆ ಅಂಚು ಒಣಗಿ ಅಲ್ಲೊಂದು ಗೆರೆ ನಿಂತುಬಿಡುತ್ತದೆ. ಹಾಗಾಗಿ ನಮ್ಮ ಸಂಸಾರದಲ್ಲಿ ನಾನು ಅತಿ ಹೆಚ್ಚು ಸಲ ಆಡಿದ ಮಾತೆಂದರೆ "ಬಾಗಿಲು ತೆಗೀಬೇಡ, ಕೊನೇ ಕೋಟು." ಅವಳು ಆಚೆಯಿಂದ "ಆಯ್ತು" ಅನ್ನುತ್ತಿದ್ದಳು. ತನ್ನ ತಾಯಿ ತೀರಿಕೊಂಡ ಸುದ್ದಿ ಬಂದ ದಿನವೂ ಬಾಗಿಲು ತಟ್ಟಿದಳು. ಏನು ಎತ್ತ ಕೇಳದೆ ಅದೇ ಮಾತು ಹೇಳಿದೆ. "ಆಯ್ತು" ಎಂದಳು. ಯಾರದೋ ಬೀರುವಿನ ಬಾಗಿಲು ಮುಗಿಸಿ ನಾನು ಹೊರಗೆ ಬರುವಷ್ಟರಲ್ಲಿ ಒಬ್ಬಳೇ ಬಸ್ಸು ಹತ್ತಿದ್ದಳು. ಮುಂದಿನ ಬಸ್ಸಿಗೆ ನಾನೂ ಹೋದೆ, ಆಗ ಎಲ್ಲ ಮುಗಿದಿತ್ತು. ವಾಪಸು ಅವಳು ನನ್ನ ಜೊತೆ ಬರಲಿಲ್ಲ, ಅಲ್ಲಿಂದಲೇ ಅಕ್ಕನ ಮನೆಗೆ ಹೋದಳು.

ಆ ವಾರವೆಲ್ಲ ಮೇಜು ಉಜ್ಜಿದೆ. ಮೊದಲು ಒರಟು ಉಪ್ಪುಕಾಗದ, ಆಮೇಲೆ ನಯದ್ದು, ಆಮೇಲೆ ಇನ್ನೂ ನಯದ್ದು. ಹಲಗೆಯ ತುಂಬ ಅವಳ ಗುಂಡುಸೂಜಿ ಚುಚ್ಚಿದ ತೂತುಗಳಿದ್ದವು. ಮರದ ಪುಡಿಗೆ ಗೋಂದು ಕಲಸಿ ಒಂದೊಂದನ್ನೇ ಮುಚ್ಚಿದೆ, ಇನ್ನೂರು ಚಿಲ್ಲರೆ ಇದ್ದಾವು. ಅಷ್ಟೂ ಸಲ ಅವಳು ಇಲ್ಲಿ ಬಾಗಿ ನಿಂತಿದ್ದಾಗ ನಾನು ಗೋಡೆಯಾಚೆ ಇನ್ನೊಬ್ಬರ ಊಟದ ಮೇಜು ತಿಕ್ಕುತ್ತಿದ್ದೆ. ಮನೆ ಬಿಕೋ ಅನ್ನುತ್ತಿತ್ತು. ಒಂದು ತಟ್ಟೆ, ಒಂದು ಲೋಟ, ಅದನ್ನು ತೊಳೆಯುವುದಕ್ಕೂ ಬೇಜಾರು.

ಶನಿವಾರಕ್ಕೇ ಮುಗಿಯಬೇಕಿತ್ತು. ಭಾನುವಾರ ಬೆಳಿಗ್ಗೆ ನೋಡಿದರೆ ಬ್ರಷ್ಷಿನ ಒಂದು ಕೂದಲು ವಾರ್ನಿಷ್‌ನಲ್ಲಿ ಅಂಟಿಕೊಂಡೇ ಒಣಗಿದೆ. ಬೇರೆಯವನಾಗಿದ್ದರೆ ಬಿಟ್ಟುಬಿಡುತ್ತಿದ್ದ. ನಾನು ಬಿಡುವ ಪೈಕಿಯಲ್ಲ. ಮತ್ತೆ ಉಜ್ಜಿ, ಒರೆಸಿ, ಮೂರೂವರೆಗೆ ಇನ್ನೊಂದು ಕೋಟು ಹಿಡಿದೆ. ಅರ್ಧ ಗಂಟೆ ಧಾರಾಳವಾಯಿತು. ಮುಗಿಸಿ, ಒಗೆದ ಅಂಗಿ ಹಾಕಿಕೊಂಡು, ನಾನೇ ಬಾಗಿಲು ತೆರೆದು ಅವಳಿಗೆ ಮೇಜು ತೋರಿಸುವುದು ಎಂದು ಲೆಕ್ಕ ಹಾಕಿದ್ದೆ.

ನಾಲ್ಕಕ್ಕೆ ಇನ್ನೂ ಕಾಲು ಗಂಟೆಯಿತ್ತು. ಅರ್ಧ ಹಲಗೆಯಾಗಿತ್ತು. ಬಾಗಿಲು ತಟ್ಟಿದ ಸದ್ದಾಯಿತು.

"ರೀ."

"ಬಾಗಿಲು ತೆಗೀಬೇಡ, ಕೊನೇ ಕೋಟು."

ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಇದು ಹುಟ್ಟುಗುಣವೂ ಅಲ್ಲ, ನಾನೇ ಮೂವತ್ತೆರಡು ವರ್ಷ ಸಾಕಿ ಬೆಳೆಸಿದ್ದು. ಹೊರಗಿನಿಂದ "ಆಯ್ತು" ಎಂದು ಕೇಳಿಸಿತು. ನಿಜ ಹೇಳಬೇಕೆಂದರೆ ಆಗ ನನಗೆ ಸಂತೋಷವೇ ಆಯಿತು. ಮೊದಲಿನ ಹಾಗೆ ಅವಳು ಬಾಗಿಲಾಚೆ ಇದ್ದಾಳೆ, ಎಲ್ಲ ಸರಿಹೋಯಿತು ಅನ್ನಿಸಿತು. ಉಳಿದ ಅರ್ಧವನ್ನು ಒಂದೇ ಹದದಲ್ಲಿ ಎಳೆದೆ. ನನ್ನ ಜನ್ಮದಲ್ಲಿ ಅಷ್ಟು ಚೆನ್ನಾಗಿ ಎಳೆದಿರಲಿಲ್ಲ. ಹತ್ತು ನಿಮಿಷ ಹಿಡಿಯಿತು.

ಬಾಗಿಲು ತೆರೆದಾಗ ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ. ಎದುರು ಅಂಗಡಿಯ ಬೀಗ ರಿಪೇರಿಯವನು ತಲೆಯೆತ್ತಿ ನೋಡಿದ.

"ಅತ್ತಿಗೆ ಈಗ ಹೋದ್ರಲ್ಲ ಅಣ್ಣ. ಸ್ವಲ್ಪ ಹೊತ್ತು ಅಲ್ಲೇ ಕೂತಿದ್ರು. ನೀವು ಒಳಗೇ ಇದ್ರಾ?"

"ಏನಾದ್ರೂ ಹೇಳಿದ್ಲಾ?"

"ಇಲ್ಲ. ಗಂಟುಮೂಟೆ ಸಮೇತ ಬಂದಿದ್ರು, ಎರಡು ಸೂಟ್‌ಕೇಸು. ವಾಪಸ್ ಬಂದೇಬಿಟ್ರು ಅಂತ ನನಗೂ ಖುಷಿಯಾಗಿತ್ತು. ನೋಡಿದ್ರೆ ಎರಡನ್ನೂ ಎತ್ಕೊಂಡು ಹೊರಟೇಬಿಟ್ರು."

ಅಂಟು ಕೈಯಲ್ಲೇ ಬಸ್ ಸ್ಟಾಪಿಗೆ ಓಡಿದೆ. ಬಸ್ಸು ಹೋಗಿತ್ತು. ಫೋನ್ ಮಾಡಿದೆ, ಎತ್ತಲಿಲ್ಲ. ಇನ್ನೊಮ್ಮೆ ಮಾಡಿದೆ.

ಹಿಂದಿರುಗಿ ಬಂದಾಗ ಬಾಗಿಲು ಹಾರು ಹೊಡೆದಿತ್ತು. ಬೀದಿಯ ಧೂಳೆಲ್ಲ ಒಳಗೆ ನುಗ್ಗಿ ಹಸಿ ವಾರ್ನಿಷ್ ಮೇಲೆ ಕೂರುತ್ತಿತ್ತು. ಮುಚ್ಚಬೇಕೆನಿಸಲಿಲ್ಲ. ಅವಳು ಕೂತಿದ್ದ ಮೆಟ್ಟಿಲ ಮೇಲೆ ಹೋಗಿ ಕೂತೆ. ಮೂವತ್ತೆರಡು ವರ್ಷದಲ್ಲಿ ನಾನು ಬಾಗಿಲ ಆ ಕಡೆ ಕೂತವನೇ ಅಲ್ಲ. ಒಳಗೆ ಬ್ರಷ್ ಎಳೆಯುವ ಸದ್ದು ಅಲ್ಲಿಗೆ ಕೇಳಿಸುತ್ತದೆಯೋ ಇಲ್ಲವೋ, ಅದು ಕೂಡ ನನಗೆ ಗೊತ್ತಿರಲಿಲ್ಲ.