ಮೇಲಿನಮ್ಮನ ಬೈಗುಳ ನಿಂತ ದಿನ

ಆ ಕಟ್ಟಡದ ಕೆಲಸಗಾರರಿಗೆ ಬೇರೆ ಮನರಂಜನೆ ಬೇಕಿರಲಿಲ್ಲ, ವಾಕಿಟಾಕಿ ಇತ್ತು. ಟವರ್ ಕ್ರೇನಿನ ತುದಿಯ ಗಾಜಿನ ಗೂಡಿನಲ್ಲಿ ಕೂತ ಹೆಂಗಸು, ಕೆಳಗೆ ನಿಂತು ಸಿಗ್ನಲ್ ಕೊಡುವ ತನ್ನ ಗಂಡನನ್ನು ಬೆಳಿಗ್ಗೆ ಎಂಟರಿಂದ ಸಂಜೆ ಐದರ ತನಕ ಬಾಯಿತುಂಬ ಬೈಯುತ್ತಿದ್ದಳು. "ರೀ, ಎಡಕ್ಕೆ ಅಂದ್ರೆ ಯಾರ ಎಡಕ್ಕೆ? ನನ್ನದೋ ನಿಮ್ಮದೋ? ಮದುವೆಯಾಗಿ ಹದಿನಾರು ವರ್ಷ ಆಯ್ತು, ಇನ್ನೂ ಎಡ ಬಲ ನಾನೇ ಕಲಿಸಬೇಕಾ?" ಗಂಡ ತಣ್ಣಗೆ, "ನಿನ್ನ ಎಡಕ್ಕೆ ತಾಯಿ," ಎನ್ನುತ್ತಿದ್ದ. ಕೇಳಿಸಿಕೊಂಡ ಮೂವತ್ತು ಜನ ಹಲ್ಲು ಕಿರಿಯುತ್ತಿದ್ದರು. ಅವಳಿಗೆ ಮೇಲಿನಮ್ಮ ಎಂದು ಹೆಸರಿಟ್ಟವರೂ ಅವರೇ.

ಆ ಬೈಗುಳವೆಲ್ಲ ಒಂದು ಪರೀಕ್ಷೆ ಎನ್ನುವುದು ಗಂಡ ಹೆಂಡತಿ ಇಬ್ಬರಿಗೆ ಮಾತ್ರ ಗೊತ್ತಿತ್ತು.

ಅವಳಿಗೆ ಹನ್ನೊಂದನೇ ವಯಸ್ಸಿನಿಂದ ಸಕ್ಕರೆ ಕಾಯಿಲೆ. ಮಾತ್ರೆಯಲ್ಲಿ ಮುಗಿಯುವಂಥದ್ದಲ್ಲ, ದಿನಕ್ಕೆ ನಾಲ್ಕು ಸಲ ಇನ್ಸುಲಿನ್ ಚುಚ್ಚಿಕೊಳ್ಳಬೇಕು. ಚುಚ್ಚಿಕೊಂಡ ಮೇಲೆ ಹೊಟ್ಟೆಗೆ ಬೀಳಬೇಕಾದಷ್ಟು ಬೀಳದಿದ್ದರೆ ರಕ್ತದ ಸಕ್ಕರೆ ಕುಸಿಯುತ್ತದೆ. ಹಾಗೆ ಕುಸಿದಾಗ ಕೆಲವರಿಗೆ ಕೈ ನಡುಗುತ್ತದಂತೆ, ಕೆಲವರಿಗೆ ಕಣ್ಣು ಮಂಜಾಗುತ್ತದಂತೆ. ಅವಳಿಗೆ ಮೊದಲು ಕೈಕೊಡುತ್ತಿದ್ದದ್ದು ಸಿಟ್ಟು. ಇದನ್ನು ಕಂಡುಹಿಡಿದವನು ಗಂಡ. ಮದುವೆಯಾದ ಹೊಸತರಲ್ಲಿ ಒಂದು ಮಧ್ಯಾಹ್ನ ಅವಳು ಅವನ ಅಕ್ಕನನ್ನು ಹೊಗಳತೊಡಗಿದಳು. ಅತ್ತಿಗೆಯದು ಎಂಥ ಬಂಗಾರದ ಮನಸ್ಸು, ಅವರ ಅಡುಗೆಯ ಮುಂದೆ ತನ್ನದೇನು ಮಹಾ ಎಂದಳು. ಅವನು ಬೆರಗಾಗಿ ನೋಡುತ್ತಿದ್ದ ಹಾಗೇ ಕುರ್ಚಿಯಿಂದ ಜಾರಿ ಬಿದ್ದಳು. ಅಂದಿನಿಂದ ಅವನಿಗೆ ಹೆಂಡತಿಯ ಒಳ್ಳೆಯ ಮಾತೆಂದರೆ ಎದೆ ಧಸಕ್ಕೆನ್ನುತ್ತದೆ.

ಹಾಗಾಗಿ ಅವರಿಬ್ಬರ ನಡುವೆ ಒಂದು ಕಟ್ಟಳೆ ಹುಟ್ಟಿಕೊಂಡಿತು. ಪ್ರತಿ ಸಲ ಭಾರ ಎತ್ತುವಾಗ ಅವಳು ಅವನನ್ನು ಒಮ್ಮೆಯಾದರೂ ಬೈಯಬೇಕು. ಬೈಗುಳದಲ್ಲಿ ಖಾರ ಕಮ್ಮಿಯಾದರೆ ಅವನು "ಕೈ ತೆಗಿ" ಅನ್ನುತ್ತಾನೆ. ಅವಳು ಎದುರಾಡದೆ ಲಿವರ್ ಬಿಡಬೇಕು. ಬಿಟ್ಟರೆ ಕ್ರೇನು ತಾನೇ ಬ್ರೇಕ್ ಹಾಕಿಕೊಂಡು ಇದ್ದಲ್ಲೇ ನಿಲ್ಲುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವವರು ಕ್ರೇನ್ ಹತ್ತುವಂತಿಲ್ಲ ಎಂದು ಆ ಕಂಪನಿಯ ನಿಯಮ. ಒಂಬತ್ತು ವರ್ಷ ಅವರು ನಿಯಮದ ಕಣ್ಣಿಗೆ ಮಣ್ಣೆರಚಿದ್ದರು. ಈ ಕೆಲಸ ಅವಳಿಗೆ ಪ್ರಾಣ. ಎರಡು ಟನ್ ಕಾಂಕ್ರೀಟನ್ನು ಬೆರಳ ತುದಿಯಲ್ಲಿ ಹಿಡಿದು, ಅಂಗುಲ ಆಚೀಚೆಯಾಗದಂತೆ ಇಳಿಸುವಾಗ ಮಾತ್ರ ತನ್ನ ಮೈ ತನ್ನ ಮಾತು ಕೇಳುತ್ತದೆ ಎಂದು ಅವಳಿಗೆ ಅನಿಸುತ್ತಿತ್ತು.

ಆ ದಿನ ಬೆಳಿಗ್ಗೆ ಮನೆಯಲ್ಲಿ ಜಗಳವಾಯಿತು, ನಿಜವಾದ ಜಗಳ. ಹೊಸದಾಗಿ ಬಂದ ಸೇಫ್ಟಿ ಸಾಹೇಬರು ಎಲ್ಲರಿಗೂ ಆರೋಗ್ಯದ ಫಾರಂ ಹಂಚಿದ್ದರು. "ದೀರ್ಘಕಾಲದ ಕಾಯಿಲೆ ಇದೆಯೇ?" ಎಂಬಲ್ಲಿ ಅವಳು "ಇಲ್ಲ" ಎಂದು ಬರೆಯುವುದನ್ನು ಗಂಡ ನೋಡಿದ.

"ಸುಳ್ಳು ಬರೀಬೇಡ. ಹೇಳಿಬಿಡೋಣ."

"ಹೇಳಿ ಮನೇಲಿ ಕೂತು ಗೋಡೆ ನೋಡ್ಲಾ?"

"ನನ್ನ ಕೈಲಿ ಆಗಲ್ಲ ಕಣೇ. ದಿನಾ ನಿನ್ನ ದನಿಗೆ ಕಿವಿ ಕೊಟ್ಟು ನಿಂತು ನಿಂತು ನನಗೆ ಸಾಕಾಗಿದೆ. ಭಯ ಆಗುತ್ತೆ."

"ಸಾಕಾಗಿದ್ರೆ ಬಿಡಿ. ಯಾರು ನಿಲ್ಲಿ ಅಂದ್ರು?"

ತಟ್ಟೆಯನ್ನು ಆಚೆ ನೂಕಿ ಎದ್ದಳು. ಇನ್ಸುಲಿನ್ ಆಗಲೇ ಮೈಗೆ ಇಳಿದಿತ್ತು, ತಿಂದದ್ದು ಎರಡೇ ತುತ್ತು. ಇಪ್ಪತ್ತೇಳು ವರ್ಷದ ಅನುಭವವಿರುವ ಹೆಂಗಸು ಮಾಡಬಾರದ ತಪ್ಪು ಅದು. ಸಿಟ್ಟು ನೆತ್ತಿಗೇರಿದಾಗ ಅನುಭವ ಮೂಲೆ ಸೇರುತ್ತದೆ. ಕೆಲಸಕ್ಕೆ ಬಂದವಳು ಇನ್ನೊಂದು ತಪ್ಪನ್ನೂ ಮಾಡಿದಳು. ಈ ಮನುಷ್ಯನಿಗೆ ಇವತ್ತು ಒಂದು ಬೈಗುಳವನ್ನೂ ದಾನ ಮಾಡುವುದಿಲ್ಲ ಎಂದು ತೀರ್ಮಾನಿಸಿ ಏಣಿ ಹತ್ತಿದಳು.

"ಎಡಕ್ಕೆ," ಎಂದರೆ "ಹೂಂ" ಎಂದಳು. "ನಿಧಾನ," ಎಂದರೂ "ಹೂಂ". ಆರನೇ ಅಂತಸ್ತಿನಲ್ಲಿದ್ದ ಫಿಟ್ಟರ್ ವಾಕಿಟಾಕಿಯಲ್ಲಿ, "ಅಣ್ಣಾ, ಇವತ್ತು ಮೇಲೆ ಮೋಡ ಕವಿದ ಹಾಗಿದೆ, ರಾತ್ರಿ ಪಾತ್ರೆ ತೊಳೀಲಿಲ್ವಾ?" ಎಂದು ಕೆಣಕಿದ. ದೊಡ್ಡ ಮೀಸೆಯ ಆಸಾಮಿ, ಎಲ್ಲರೂ ಅವನನ್ನು ಮೀಸೆ ಎಂದೇ ಕರೆಯುತ್ತಿದ್ದರು. ಗಂಡ ನಗಲಿಲ್ಲ. ಅವಳ ಮೌನ ಸಿಟ್ಟಿನದೋ ಸಕ್ಕರೆಯದೋ ಎಂದು ಅವನಿಗೆ ತಿಳಿಯುತ್ತಿರಲಿಲ್ಲ. ಬರೀ ಸಿಟ್ಟಾಗಿದ್ದು ತಾನು ಸುಮ್ಮಸುಮ್ಮನೆ ನಿಲ್ಲಿಸಿದರೆ, ಹತ್ತಿರವೇ ನಿಂತಿದ್ದ ಸೇಫ್ಟಿ ಸಾಹೇಬರು ಯಾಕೆಂದು ಕೇಳುತ್ತಿದ್ದರು.

ಹನ್ನೊಂದರ ಹೊತ್ತಿಗೆ ಕೊಕ್ಕೆಗೆ ಸಿಕ್ಕಿಸಿದ್ದು ಅಚ್ಚಿನಲ್ಲಿ ಎರಕ ಹೊಯ್ದ ಮೆಟ್ಟಿಲ ಸಾಲು, ಎರಡೂವರೆ ಟನ್ ತೂಕದ್ದು. ಅದನ್ನು ಎರಡು ಗೋಡೆಗಳ ನಡುವಿನ ಕಿಂಡಿಗೆ ಇಳಿಸಬೇಕು. ಆರನೇ ಅಂತಸ್ತಿನಲ್ಲಿ ಮೀಸೆ ಮತ್ತು ಇಬ್ಬರು ಕೈಯೆತ್ತಿ ಕಾಯುತ್ತಿದ್ದರು.

ಮೇಲೆ ಗೂಡಿನಲ್ಲಿ ಅವಳಿಗೆ ಬಹಳ ಹಿತವೆನಿಸುತ್ತಿತ್ತು. ಕುತ್ತಿಗೆಯಲ್ಲಿ ಬೆವರಿತ್ತು, ಬಿಸಿಲಿಗೆ ಎಂದುಕೊಂಡಳು. ಬೆಳಗಿನಿಂದ ಎದೆಯಲ್ಲಿ ಕುದಿಯುತ್ತಿದ್ದದ್ದು ಯಾವಾಗಲೋ ಇಳಿದುಹೋಗಿತ್ತು. ಪಾಪ, ಒಳ್ಳೆಯ ಮನುಷ್ಯ, ತಾನೇ ಸುಮ್ಮನೆ ರೇಗಿದೆ. ಎದುರಿನ ಕಟ್ಟಡದ ಕಿಟಕಿಗಳಲ್ಲಿ ಬೆಳಕು ಎಷ್ಟು ಚೆನ್ನಾಗಿದೆ. ಮೆಟ್ಟಿಲ ಸಾಲು ಗೋಡೆಗಳ ನಡುವೆ ಸೇರಿ ಮೂವರ ತಲೆಯ ಮೇಲೆ ಹತ್ತಡಿ ಎತ್ತರಕ್ಕೆ ಬಂತು.

ಗಂಡನ ದನಿ ಬಂತು. ಅದರಲ್ಲಿ ಏನೋ ಬಿಗಿ ಇತ್ತು. "ನಿಮ್ಮಪ್ಪ ಅವತ್ತೇ ಹೇಳಿದ್ರು. ಹೆಣ್ಣುಮಕ್ಕಳಿಗೆ ಯಾಕೆ ಕ್ರೇನು ಅಂತ. ಅವರು ಹೇಳಿದ್ದೇ ಸರಿ."

ಕೆಳಗಿದ್ದವರೆಲ್ಲ ತಲೆಯೆತ್ತಿ ನೋಡಿದರು. ಈಗ ಆಕಾಶವೇ ಕಳಚಿ ಬೀಳುತ್ತದೆ ಎಂದು ಕಾದರು. ಅಪ್ಪನ ಆ ಮಾತಿಗಾಗಿ ಅವಳು ಮೂರು ವರ್ಷ ತವರಿನ ಹೊಸ್ತಿಲು ತುಳಿದಿರಲಿಲ್ಲ.

ಅವಳು ಸ್ವಲ್ಪ ಯೋಚಿಸಿದಳು. "ಹೌದು ರೀ, ಅಪ್ಪ ಹೇಳಿದ್ದು ಸರೀನೇ ಇತ್ತು," ಎಂದಳು.

"ಕೈ ತೆಗಿ!"

ಯಾಕೆ? ಎಲ್ಲ ಸರಿಯಾಗಿದೆಯಲ್ಲ. ಇನ್ನು ಹತ್ತೇ ಅಡಿ. ಇಳಿಸಿ ಮುಗಿಸಿ ಆಮೇಲೆ ತೆಗೆದರಾಯಿತು. "ಇದೊಂದು ಇಳಿಸಿಬಿಡ್ತೀನಿ," ಎಂದು ನಗುತ್ತಲೇ ಹೇಳಿದಳು. ಬಲಗೈ ಲಿವರನ್ನು ಮೆಲ್ಲಗೆ ನೂಕಿತು. ಭಾರ ಒಂದಡಿ ಇಳಿದು ಗೋಡೆಯ ಅಂಚಿಗೆ ಉಜ್ಜಿತು.

ಆಗ ಗಂಡ ಮೂವತ್ತು ಜನ ಕೇಳುವ ಅದೇ ಚಾನೆಲ್‌ನಲ್ಲಿ ಕೂಗಿದ. "ಎಲ್ಲರೂ ಕೆಳಗಿಂದ ಆಚೆ ಹೋಗಿ! ಅವಳಿಗೆ ಶುಗರ್ ಇದೆ, ಇನ್ಸುಲಿನ್ ತಗೊಳ್ತಾಳೆ, ಈಗ ಶುಗರ್ ಬಿದ್ದಿದೆ! ಮೀಸೆ, ಓಡೋ!"

ಇಪ್ಪತ್ತೇಳು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಕಟ್ಟಿಕೊಂಡ ಗಂಡನೇ ಊರಿಗೆಲ್ಲ ಡಂಗುರ ಸಾರಿದ. ಅವಳು ಅದನ್ನು ಕೇಳಿಸಿಕೊಂಡಳು, ಅರ್ಥವೂ ಆಯಿತು. ಈಗ ಸಿಟ್ಟು ಬರಬೇಕಿತ್ತು. ಅವನನ್ನು ಸಿಗಿದುಹಾಕುವಷ್ಟು ಬರಬೇಕಿತ್ತು. ಅವಳು ಸಿಟ್ಟಿಗಾಗಿ ಒಳಗೆಲ್ಲ ತಡಕಾಡಿದಳು, ಸಿಗಲಿಲ್ಲ. ಅಲ್ಲಿ ಹಿತವೊಂದೇ ಇತ್ತು, ಮತ್ತು ಆ ಹಿತ ಅವಳದ್ದಲ್ಲ. ಅದು ತಿಳಿದ ಕ್ಷಣ ಅವಳಿಗೆ ಭಯವಾಯಿತು. ಎರಡೂ ಕೈಗಳನ್ನು ಲಿವರಿನಿಂದ ಕಿತ್ತು ಕಂಕುಳಲ್ಲಿ ಅದುಮಿಕೊಂಡಳು. ಬ್ರೇಕ್ ಕಚ್ಚಿತು. ಭಾರ ತೂಗುತ್ತ ನಿಂತಿತು.

ಗೂಡಿನಲ್ಲಿ ಸದಾ ಇಟ್ಟುಕೊಳ್ಳುತ್ತಿದ್ದ ಜ್ಯೂಸ್ ಪ್ಯಾಕೆಟ್ಟಿಗೆ ಕೊಳವೆ ಚುಚ್ಚಲು ಮೂರು ಸಲ ತಪ್ಪಿದಳು, ಕೊನೆಗೆ ಹಲ್ಲಿನಿಂದ ಹರಿದು ಕುಡಿದಳು. ಬೆರಳು ಚುಚ್ಚಿ ಮೀಟರ್ ನೋಡಿದಳು. ಎಪ್ಪತ್ತರ ಕೆಳಗೆ ಇಳಿಯಬಾರದು. ನಲವತ್ತಾರು.

ಸೇಫ್ಟಿ ಸಾಹೇಬರ ದನಿ ಬಂತು. ಇನ್ನೂ ಎಳೆಯ ಮನುಷ್ಯ. "ಮೇಡಂ, ಗಾಳಿ ಏರ್ತಾ ಇದೆ. ಭಾರ ಗೋಡೆಗಳ ಮಧ್ಯ ಸಿಕ್ಕಿಕೊಂಡಿದೆ. ಅರ್ಧ ಗಂಟೆಯೊಳಗೆ ಇಳಿಸದಿದ್ರೆ ಗಾಳಿಗೆ ಬಡಿದು ಗೋಡೆ ಹೋಗುತ್ತೆ, ಅದರ ಜೊತೆ ಹೊರಗೆ ಕಂಬ ಕಟ್ಟಿರೋ ಸಾರುವೆ ಪೂರ್ತಿ ರಸ್ತೆಗೆ ಬೀಳುತ್ತೆ. ಇನ್ನೊಬ್ಬ ಆಪರೇಟರ್ ಬರೋಕೆ ಒಂದು ಗಂಟೆ ಬೇಕು."

"ನಾನೇ ಇಳಿಸ್ತೀನಿ. ಈಗಲ್ಲ," ಎಂದಳು. ನಾಲಿಗೆ ತೊದಲಿತು. "ಹದಿನೈದು ನಿಮಿಷ."

ಹದಿನೈದು ನಿಮಿಷ ಮೂವತ್ತು ಜನ ಕತ್ತೆತ್ತಿ ನಿಂತರು. ಗೂಡು ಅಲುಗಾಡತೊಡಗಿತು. ಹಗ್ಗದಲ್ಲಿ ನೇತ ಕಾಂಕ್ರೀಟು ಗೋಡೆಗೆ ತಾಗುವ ಸದ್ದು ಅವಳಿಗೆ ಅಷ್ಟು ಎತ್ತರಕ್ಕೂ ಕೇಳುತ್ತಿತ್ತು. ಬಿಸ್ಕತ್ತು ಅಗಿದು ನುಂಗಿದಳು. ಮತ್ತೆ ಬೆರಳು ಚುಚ್ಚಿದಳು.

"ಅರವತ್ತೆಂಟು," ಎಂದು ಗಟ್ಟಿಯಾಗಿ ಹೇಳಿದಳು.

"ಸಾಕಲ್ವಾ ಮೇಡಂ? ಗಾಳಿ ಇನ್ನೂ ಜಾಸ್ತಿ ಆಗಿದೆ."

"ಸಾಲದು. ತೊಂಬತ್ತು ದಾಟದೆ ನಾನು ಕೈ ಹಾಕಲ್ಲ."

"ಇನ್ನು ಹತ್ತು ನಿಮಿಷ ಬಿಟ್ಟರೆ..."

"ಸಾಹೇಬ್ರೇ, ಗಾಳಿ ಲೆಕ್ಕ ನಿಮಗೆ ಗೊತ್ತು. ಈ ಲೆಕ್ಕ ನನಗೆ ಗೊತ್ತು. ಅರವತ್ತೆಂಟಕ್ಕೆ ನನಗೆ ಎಲ್ಲಾ ಸರಿಯಾಗಿದೆ ಅಂತ ಅನ್ಸುತ್ತೆ. ಅನ್ಸೋದು ಅಷ್ಟೇ, ಸರಿಯಾಗಿರಲ್ಲ. ಕಾಯ್ರಿ."

ಅಷ್ಟು ವರ್ಷ ಬಚ್ಚಲುಮನೆಗಳಲ್ಲಿ, ಬಾಗಿಲ ಮರೆಗಳಲ್ಲಿ, ಕಳ್ಳರ ಹಾಗೆ ನೋಡಿಕೊಂಡ ಅಂಕಿ ಅದು. ತನ್ನ ಮೈಯ ಕೊರತೆಗೆ ಬಿದ್ದ ಮಾರ್ಕು ಎಂದೇ ಅವಳು ಎಣಿಸಿದ್ದಳು. ಈಗ ಮೂವತ್ತು ಜನ, ಒಂದು ಗೋಡೆ, ಕೆಳಗಿನ ಒಂದು ರಸ್ತೆ ಆ ಅಂಕಿಯನ್ನು ಕಾಯುತ್ತಿದ್ದವು. ಅವಳಿಗೆ ಭಯವಾಗುತ್ತಿತ್ತು. ಆದರೂ ಆ ಹೊತ್ತು ಕಾಯುವುದು ಹೇಗೆಂದು ಅಷ್ಟೂ ಜನರಲ್ಲಿ ಗೊತ್ತಿದ್ದವಳು ತಾನೊಬ್ಬಳೇ ಎಂದು ಅವಳಿಗೆ ಸ್ಪಷ್ಟವಾಗಿತ್ತು.

ಗಾಳಿ ಒಂದು ಸಲ ಜೋರಾಗಿ ಬೀಸಿತು. ಗೋಡೆಯ ಅಂಚು ಒಡೆದು ಕಲ್ಲಿನ ಚೂರುಗಳು ಉದುರಿದವು. ಯಾರೋ ಕೂಗಿದರು. ಅವಳ ಕೈ ತಾನಾಗಿ ಲಿವರಿನತ್ತ ಹೋಯಿತು. ಅದನ್ನು ಹಿಂದಕ್ಕೆಳೆದು ತೊಡೆಯಡಿಗೆ ಹಾಕಿಕೊಂಡು ಕೂತಳು.

ಹತ್ತು ನಿಮಿಷವಾಯಿತು. "ತೊಂಬತ್ಮೂರು."

ಆಮೇಲೆ ತಡಮಾಡಲಿಲ್ಲ. "ರೀ, ಬಾಯಲ್ಲಿ ಏನಿಟ್ಕೊಂಡಿದ್ದೀರಾ? ಮುಂದೋ ಹಿಂದೋ ಹೇಳಿ, ನಾನೇನು ಶಾಸ್ತ್ರ ಕೇಳಬೇಕಾ?" ಎಂದಳು. ಗಂಡ ಮುಂದೆ ಎಂದ, ಒಂದಡಿ ಎಂದ, ಇಳಿಸು ಎಂದ. ಹೇಳುವಾಗ ಅಳುತ್ತಿದ್ದ, ಅದು ಎಲ್ಲರಿಗೂ ಕೇಳಿಸಿತು. ಮೂರು ನಿಮಿಷದಲ್ಲಿ ಮೆಟ್ಟಿಲ ಸಾಲು ತನ್ನ ಜಾಗದಲ್ಲಿ ಕೂತಿತು.

ಅವಳು ಏಣಿ ಇಳಿದು ಬಂದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಎಲ್ಲರೂ ಇದ್ದಲ್ಲೇ ಕೂತುಬಿಟ್ಟಿದ್ದರು. ಗಂಡ ಹತ್ತಿರ ಬಂದು, "ಎಲ್ಲರ ಮುಂದೆ ಹೇಳಿಬಿಟ್ಟೆ," ಎಂದ. "ಹೇಳಿದ್ರಿ. ಮನೇಲಿ ವಿಚಾರಿಸ್ಕೊಳ್ತೀನಿ," ಎಂದು ಅವನ ಭುಜ ಹಿಡಿದುಕೊಂಡೇ ನಿಂತಳು.

ಸೇಫ್ಟಿ ಸಾಹೇಬರು ಕ್ರೇನಿನ ದಿನಚರಿ ಪುಸ್ತಕ ತೆರೆದರು. ಕೆಲಸ ನಿಲ್ಲಿಸಿದಾಗಲೆಲ್ಲ ಕಾರಣ ಬರೆಯಬೇಕಾದ ಪುಸ್ತಕ ಅದು. ಅವಳು "ಶುಗರ್ ನಲವತ್ತಾರು" ಎಂದು ಬರೆದಳು. ಅವರು ಹಿಂದಿನ ಪುಟಗಳನ್ನು ತಿರುವುತ್ತಾ, "ಇಲ್ಲಿ ಬಹಳ ಕಡೆ ಗಾಳಿ ಅಂತ ಇದೆ," ಎಂದರು.

"ಅರ್ಧಕ್ಕರ್ಧ ಗಾಳಿ ಅಲ್ಲ ಸರ್."

ಅವರು ಇನ್ನೂ ಕೆಲವು ಪುಟ ತಿರುವಿದರು. "ಅಷ್ಟು ಸಲವೂ ನಿಲ್ಲಿಸಿದ್ದೀರಿ," ಎಂದರು. "ಆದ್ರೂ ನಾನು ವರದಿ ಮಾಡಲೇಬೇಕು. ವೈದ್ಯರ ಸಮಿತಿ ಏನು ಹೇಳುತ್ತೋ ಗೊತ್ತಿಲ್ಲ. ಅಲ್ಲೀತನಕ ನೀವು ಮೇಲೆ ಹೋಗೋ ಹಾಗಿಲ್ಲ." ಕ್ರೇನ್ ಹತ್ತುವ ಪಾಸ್ ಕೇಳಿದರು. ಅವಳು ಕೊಟ್ಟಳು. 

ಅವಳು ಮರಳಿನ ಚೀಲಗಳ ಮೇಲೆ ಕೂತಿದ್ದಾಗ ಮೀಸೆ ಬಂದ. ಹೆಲ್ಮೆಟ್ ಕೈಯಲ್ಲಿತ್ತು. ಕ್ಷಮೆ ಕೇಳಬೇಕೆಂದು ಅವಳು ಬಾಯಿ ತೆರೆಯುವ ಮೊದಲೇ ಅವನು ಪಕ್ಕದಲ್ಲಿ ಕುಕ್ಕರಿಸಿದ.

"ಅಕ್ಕಾ, ನನಗೆ ಫಿಟ್ಸ್ ಬರುತ್ತೆ," ಎಂದ. "ಆರು ವರ್ಷ ಆಯ್ತು. ಮಾತ್ರೆ ಶೂ ಒಳಗೆ ಬಚ್ಚಿಟ್ಕೊಂಡು ಬರ್ತೀನಿ."

ಅವಳು ತಲೆಯೆತ್ತಿ ಆರನೇ ಅಂತಸ್ತಿನ ಅಂಚನ್ನು ನೋಡಿದಳು. ದಿನಾ ಈತ ತಮಾಷೆ ಮಾಡುತ್ತ ನಿಲ್ಲುತ್ತಿದ್ದದ್ದು ಅಲ್ಲಿ. "ಯಾರಿಗೆ ಗೊತ್ತು?"

"ಈಗ ನಿಮಗೆ."

"ಬರೋಕೆ ಮುಂಚೆ ಏನಾದ್ರೂ ಗೊತ್ತಾಗುತ್ತಾ?"

"ಬಾಯೆಲ್ಲ ಕಬ್ಬಿಣ ನೆಕ್ಕಿದ ಹಾಗಾಗುತ್ತೆ. ಆಮೇಲೆ ಒಂದರ್ಧ ನಿಮಿಷ ಅಷ್ಟೇ."

"ಮೇಲೆ ನಿನ್ನ ಪಕ್ಕ ನಿಲ್ಲೋನು ಯಾರು?"

"ನನ್ನ ಭಾವಮೈದ. ಅವನಿಗೆ ಗೊತ್ತಾದ್ರೆ ನನ್ನ ಹೆಂಡತಿಗೆ ಗೊತ್ತಾಗುತ್ತೆ. ಸಾಹೇಬ್ರಿಗೆ ಗೊತ್ತಾದ್ರೆ ಕೆಲಸ ಹೋಗುತ್ತೆ ಅಕ್ಕಾ."

"ಹೋಗಬಹುದು. ನಂದೂ ಹೋಗಬಹುದು," ಎಂದಳು. ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲಿಲ್ಲ. ನೀರಿನ ಡ್ರಮ್ಮಿನ ಹತ್ತಿರ ನಿಂತಿದ್ದ ಆ ಭಾವಮೈದನನ್ನು ಅವಳೇ ಗಟ್ಟಿಯಾಗಿ ಕರೆದಳು. ಮೀಸೆ ಗಾಬರಿಯಿಂದ ಏಳಹೋದ. ಅವಳು ಅವನ ಮಣಿಕಟ್ಟು ಹಿಡಿದುಕೊಂಡಳು, ಬಿಡಲಿಲ್ಲ.

ಭಾವಮೈದ ಬಂದು ಎದುರು ನಿಂತ. ಮೀಸೆ ಕೈಯಲ್ಲಿದ್ದ ಹೆಲ್ಮೆಟ್ಟನ್ನೇ ನೋಡುತ್ತ ಕೂತ.

"ಮೊದಲನೇ ಮಾತು ಕಷ್ಟ," ಎಂದಳು ಅವಳು. "ನಾನಿಲ್ಲೇ ಇದ್ದೀನಿ. ಹೇಳು."